ಸಾಕ್ಷಿ ಗಡಿಯಾಚೆ ಇದ್ದಾಗ: ಅಜ್ಜಮಾಡ ಬೋಪಯ್ಯ ದೇವಯ್ಯ ಮತ್ತು ಸರಗೋಧಾದ ಒಂದು ಬೆಳಗು

ಜತ್ತ ತಾಲೂಕಿನ ಉಮರಾಣಿಗೆ ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ಸಾಲಿನ ಜಾಗವಿದೆ. 1673ರಲ್ಲಿ ಮರಾಠರ ಸೇನಾಪತಿ ಪ್ರತಾಪರಾವ್ ಗುಜರ್ ಬಿಜಾಪುರದ ಸರದಾರ ಬಹಲೋಲಖಾನನ ಪಡೆಯನ್ನು ಇಲ್ಲಿ ನೀರಿಗೆ ಹೋಗದಂತೆ ತಡೆದು ಸುತ್ತುವರಿದ. ಸೋತು ಬೇಡಿಕೊಂಡ ಖಾನನನ್ನು ಬಿಟ್ಟುಕೊಟ್ಟ. ಶಿವಾಜಿ ಅದನ್ನು ಒಪ್ಪಲಿಲ್ಲ. ಮರುವರ್ಷ ನೆಸರಿಯಲ್ಲಿ ಪ್ರತಾಪರಾವ್ ಬೆರಳೆಣಿಕೆಯ ಸವಾರರೊಂದಿಗೆ ಅದೇ ಖಾನನ ದಂಡಿನ ಮೇಲೆ ನುಗ್ಗಿ ಮಡಿದ. ಮನೆಯಲ್ಲಿ ಕನ್ನಡವಾಡುವ ನಮ್ಮ ಭಾಗದ ಮಕ್ಕಳಿಗೆ ಈ ಕಥೆ ಬರುವುದು ಮರಾಠಿಯಲ್ಲಿ, ಇಲ್ಲವೇ ಮರಾಠಿಯಿಂದ ಅನುವಾದಗೊಂಡ ಪಠ್ಯಪುಸ್ತಕದ ಕನ್ನಡದಲ್ಲಿ. ನಮ್ಮ ಹೊಲದ ಬದುವಿನ ಮೇಲೆ ನಡೆದದ್ದು ನಮಗೆ ಇನ್ನೊಂದು ಭಾಷೆಯ ಮೂಲಕ ತಿಳಿಯುತ್ತದೆ. ಇದನ್ನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ವೀರರ ನೆನಪು ಅವರ ಸಾಹಸದಷ್ಟೇ ಅದನ್ನು ಕಂಡವರನ್ನೂ ಕಂಡವರ ಭಾಷೆಯನ್ನೂ ಅವಲಂಬಿಸಿರುತ್ತದೆ ಎಂಬುದು ಗಡಿನಾಡಿನವರಿಗೆ ಪುಸ್ತಕ ಓದಿ ಕಲಿಯಬೇಕಾದ ಪಾಠವಲ್ಲ ಎನ್ನುವುದಕ್ಕಷ್ಟೇ ಈ ಮಾತು.

ಈ ಎಳೆಯನ್ನು ಹಿಡಿದು ಹೊರಟಾಗ ನನಗೆ ಎದುರಾದ ಅತ್ಯಂತ ತೀಕ್ಷ್ಣವಾದ ಉದಾಹರಣೆ ಜತ್ತದ್ದಲ್ಲ, ಕೊಡಗಿನದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರಗೋಧಾದ ಬಳಿ ಮಡಿದರು. ಆ ಬೆಳಿಗ್ಗೆ ಅವರು ಮಾಡಿದ್ದನ್ನು ಅವರ ಕಡೆಯವರಾರೂ ಕಾಣಲಿಲ್ಲ. ಕಂಡವನು ಎದುರಾಳಿ. ಅವನ ಮಾತು ಬ್ರಿಟಿಷ್ ಲೇಖಕನೊಬ್ಬನ ಇಂಗ್ಲಿಷ್ ಪುಸ್ತಕದ ಮೂಲಕ ಭಾರತವನ್ನು ತಲುಪಿ, ಸರ್ಕಾರ ಅದಕ್ಕೆ ಗೌರವದ ರೂಪ ಕೊಡುವ ಹೊತ್ತಿಗೆ 23 ವರ್ಷ ಕಳೆದಿತ್ತು. ದೇವಯ್ಯನವರ ಶೌರ್ಯವನ್ನು ಕೊಂಡಾಡುವ ಬರಹಗಳು ಈಗ ಸಾಕಷ್ಟಿವೆ. ಆ 23 ವರ್ಷಗಳನ್ನು ಇತಿಹಾಸದ ಪ್ರಶ್ನೆಯಾಗಿ ಎತ್ತಿಕೊಂಡವು ಕಡಿಮೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಭಾರತೀಯ ವಾಯುಪಡೆ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಅದರ ಮೊದಲನೆಯ ಸ್ಕ್ವಾಡ್ರನ್ ರಚನೆಯಾದದ್ದು 1933ರ ಏಪ್ರಿಲ್ 1ರಂದು. ಮುಂದೆ ಅವರು ಕೊನೆಯದಾಗಿ ಹಾರಿದ್ದು ಇದೇ ಒಂದನೇ ಸ್ಕ್ವಾಡ್ರನ್ನಿನಿಂದ. ತಂದೆ ವೈದ್ಯರು. 1954ರ ಡಿಸೆಂಬರಿನಲ್ಲಿ ದೇವಯ್ಯ ವಾಯುಪಡೆಯ ಅಧಿಕಾರಿಯಾದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು. ಅದು ಮೈಸೂರು ರಾಜ್ಯದಲ್ಲಿ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಅವರು ಸೇನೆಗೆ ಸೇರುವಾಗ ಯಾವ ರಾಜ್ಯದವರಾಗಿದ್ದರೋ ಆ ರಾಜ್ಯ ಅವರು ಯುದ್ಧಕ್ಕೆ ಹೋಗುವಾಗ ಉಳಿದಿರಲಿಲ್ಲ. ನಮ್ಮ ಜತ್ತಕ್ಕೂ ಇಂಥದೇ ಚರಿತ್ರೆಯಿದೆ: ಡಫಳೆ ಮನೆತನದ ಸಂಸ್ಥಾನವಾಗಿದ್ದದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಯಿತು, ಆ ಜಿಲ್ಲೆ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. ಊರು ಕದಲದೆ ವಿಳಾಸ ಬದಲಾಗುವ ಅನುಭವ ಇಬ್ಬರಿಗೂ ಸಮಾನ.

ಹೆಸರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ: ಕೋದಂಡೇರ ಕಾರ್ಯಪ್ಪ, ನಾಡಿಕೇರಿಯಂಡ ಚಿಣ್ಣಪ್ಪ, ಅಜ್ಜಮಾಡ ದೇವಯ್ಯ. ಒಕ್ಕವೆಂದರೆ ಕೇವಲ ಮನೆತನವಲ್ಲ. ಒಂದೇ ಮೂಲಪುರುಷನಿಂದ ಬಂದು, ಒಂದು ಐನ್‌ಮನೆಗೆ, ಅಲ್ಲಿಯ ಹಿರಿಯರ ಸ್ಥಾನವಾದ ಕೈಮಡಕ್ಕೆ ಬಾಧ್ಯಸ್ಥರಾದವರೆಲ್ಲರ ಕೂಟ ಅದು. ಸೇನೆಯ ಕಾಗದದಲ್ಲಿ ಈ ಹೆಸರು ‘ಎ.ಬಿ. ದೇವಯ್ಯ’ ಆಯಿತು. ಒಕ್ಕವನ್ನು ಹೇಳುವ ಪದ ಒಂದು ಅಕ್ಷರಕ್ಕೆ ಇಳಿಯಿತು. ಉತ್ತರ ಭಾರತದ ಓದುಗರಿಗೆ ‘ದೇವಯ್ಯ’ ಎಂಬುದೇ ಮನೆತನದ ಹೆಸರೆಂದು ತೋರುವುದು ಸಹಜ. ಹಿಂದಿ, ಇಂಗ್ಲಿಷ್ ಬರಹಗಳಲ್ಲಿ ಹಾಗೆಯೇ ನಡೆದುಕೊಂಡು ಬಂದಿದೆ. ನಮ್ಮಲ್ಲಿ ಇದರ ತಿರುವು ರೂಪವನ್ನು ಕಾಣಬಹುದು. ಜತ್ತದ ಕನ್ನಡ ಮನೆಗಳಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮರಾಠಿ ಕ್ರಮವೇ ಶಾಲೆಯ ದಾಖಲೆಯಿಂದ ಹಿಡಿದು ಸೇನೆಯ ಭರ್ತಿ ಪತ್ರದವರೆಗೆ ನಡೆಯುತ್ತದೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳಕ್ಕೆ ಸೇರಿದ ಕನ್ನಡದ ಹುಡುಗ ಭುಜದ ಮೇಲೆ ಹೊರುವ ಪದ ‘ಮರಾಠಾ’. ಅದರಲ್ಲಿ ಅವಮಾನವೇನೂ ಇಲ್ಲ. ದಾಖಲೆಯಿಂದ ಮನುಷ್ಯನ ಕಡೆಗೆ ಹಿಂದಿರುಗಿ ನಡೆಯುವ ಸಂಶೋಧಕನಿಗೆ ಮಾತ್ರ ದಾರಿ ಮಧ್ಯದಲ್ಲಿ ತಪ್ಪುತ್ತದೆ.

ಈಗ ಆ ಬೆಳಗಿಗೆ ಬರೋಣ. 1965ರ ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ದಾಳಿ ಆರಂಭವಾಗಿ, ಅದೇ ಸಂಜೆ ವಾಯುಪಡೆ ಕಣಕ್ಕಿಳಿಯಿತು. 6ರಂದು ಭಾರತದ ಸೇನೆ ಲಾಹೋರ್ ದಿಕ್ಕಿನಲ್ಲಿ ಅಂತರರಾಷ್ಟ್ರೀಯ ಗಡಿ ದಾಟಿತು. ಆ ದಿನದ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟದ ಮೇಲೆ ಎರಗಿ ನೆಲದ ಮೇಲಿದ್ದ ವಿಮಾನಗಳನ್ನು ಸುಟ್ಟವು. ರಾತ್ರಿ ಪಠಾಣಕೋಟ, ಹಲವಾರಾ, ಆದಂಪುರ ನೆಲೆಗಳ ಸುತ್ತ ಪಾಕಿಸ್ತಾನಿ ಛತ್ರಿಸೈನಿಕರು ಇಳಿದರು. ಜಲಂಧರದ ಬಳಿಯ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್, ಸುತ್ತಲಿನ ಹೊಲಗಳಲ್ಲಿ ಶತ್ರು ಅಡಗಿರುವಾಗಲೇ, ನಸುಕಿನಲ್ಲಿ ಸರಗೋಧಾದ ಮೇಲೆ ದಾಳಿಗೆ ಹೊರಡಬೇಕಾಯಿತು. ಸರಗೋಧಾ ಪಾಕಿಸ್ತಾನದ ವಾಯುಪಡೆಯ ಮುಖ್ಯ ನೆಲೆ; ಅತ್ಯಂತ ಬಲವಾದ ಕಾವಲಿದ್ದ ಜಾಗ.

ಸ್ಕ್ವಾಡ್ರನ್ನಿನ ಬಳಿ ಇದ್ದದ್ದು ಫ್ರಾನ್ಸಿನ ದಾಸೋ ಕಂಪನಿಯ ಮಿಸ್ತೇರ್ ವಿಮಾನ. ನೆಲದ ಗುರಿಗಳ ಮೇಲೆ ಎರಗುವುದಕ್ಕೆ ಒಳ್ಳೆಯದು; ಎರಡು 30 ಮಿಲಿಮೀಟರ್ ತೋಪುಗಳಿದ್ದವು. ಆದರೆ ನೇರ ಹಾರಾಟದಲ್ಲಿ ಅದು ಶಬ್ದದ ವೇಗವನ್ನು ಮೀರುತ್ತಿರಲಿಲ್ಲ. ಆದಂಪುರದಿಂದ ಸರಗೋಧಾಕ್ಕೆ, ಅದೂ ರೇಡಾರಿಗೆ ಸಿಗದಂತೆ ಮರದ ತಲೆಗಳ ಮಟ್ಟದಲ್ಲಿ, ಹೋಗಿಬರುವುದೆಂದರೆ ಇಂಧನ ಅಂಚಿಗೆ ಬಂದು ನಿಲ್ಲುತ್ತಿತ್ತು. ದಾರಿಯಲ್ಲಿ ಶತ್ರುವಿಮಾನದೊಂದಿಗೆ ಸೆಣಸಲು ನಿಂತವನು ಮರಳುವ ಲೆಕ್ಕವನ್ನು ಕೈಬಿಡಬೇಕು. ಈ ಒಂದು ತಾಂತ್ರಿಕ ಸಂಗತಿ ಮನಸ್ಸಿನಲ್ಲಿರದಿದ್ದರೆ ದೇವಯ್ಯ ಮಾಡಿದ್ದರ ತೂಕ ಗೊತ್ತಾಗುವುದಿಲ್ಲ.

ಯೋಜನೆಯಲ್ಲಿದ್ದದ್ದು ಹನ್ನೆರಡು ವಿಮಾನಗಳು. ಮುಂದಾಳು ಸ್ಕ್ವಾಡ್ರನ್ನಿನ ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಹಾರಾಟದ ಶಿಕ್ಷಕರಾಗಿ ಕೆಲಸ ಮಾಡಿ ಈ ಸ್ಕ್ವಾಡ್ರನ್ನಿಗೆ ಬಂದಿದ್ದ ಅವರನ್ನು, ಯಾರಾದರೂ ಹಿಂದುಳಿದರೆ ಆ ಜಾಗ ತುಂಬಲೆಂದು, ಮೀಸಲು ಇಟ್ಟಿದ್ದರು. ಒಂದು ವಿಮಾನ ಹಿಂದುಳಿಯಿತು. ದೇವಯ್ಯ ಮೇಲೇರಿ ತಂಡವನ್ನು ಹಿಂಬಾಲಿಸಿದರು. ಆಗ ಅವರಿಗೆ 32 ವರ್ಷ. ನನ್ನ ಓರಗೆಯವರ ವಯಸ್ಸು ಎಂಬುದು ಬರೆಯುವಾಗ ಹೊಳೆಯದೆ ಇರಲಿಲ್ಲ.

ದಾಳಿ ಮುಗಿಸಿ ಮಿಸ್ತೇರ್‌ಗಳು ಮರಳುತ್ತಿದ್ದಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತನ್ನ ಎಫ್-104 ಸ್ಟಾರ್‌ಫೈಟರ್‌ನಲ್ಲಿ ಬೆನ್ನುಹತ್ತಿದ. ಅಮೆರಿಕ ಕೊಟ್ಟ ಆ ವಿಮಾನ ಶಬ್ದದ ವೇಗದ ಎರಡರಷ್ಟು ಓಡಬಲ್ಲದು. ಅದರಲ್ಲಿ ಶಾಖ ಹುಡುಕಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿಯೂ ಆರು ನಳಿಗೆಯ ತೋಪೂ ಇದ್ದವು. ಎದುರಾದದ್ದು ಎಲ್ಲರಿಗಿಂತ ಹಿಂದಿದ್ದ ದೇವಯ್ಯನವರ ಮಿಸ್ತೇರ್. ಕ್ಷಿಪಣಿ ತಪ್ಪಿತು, ತೋಪಿನ ಗುಂಡು ತಗುಲಿತು. ಮುಗಿಯಿತೆಂದುಕೊಂಡ ವಿಮಾನ ಮುಗಿದಿರಲಿಲ್ಲ. ಏಟು ತಿಂದ ಮಿಸ್ತೇರ್ ತಿರುಗಿ ಎದುರಾಯಿತು. ಓಟದಲ್ಲಿ ಗೆಲ್ಲಲಾಗದ ವಿಮಾನಕ್ಕೆ ತಿರುವಿನಲ್ಲಿ ಗೆಲ್ಲುವ ಅವಕಾಶವಿತ್ತು. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ, ಸಣ್ಣ ರೆಕ್ಕೆಯ ಸ್ಟಾರ್‌ಫೈಟರ್ ಬಿಗಿಯಾಗಿ ಹೊರಳಲಾರದು. ಆ ಸೆಣಸಾಟದ ಕೊನೆಯಲ್ಲಿ ಎರಡೂ ವಿಮಾನಗಳು ನೆಲಕ್ಕೆ ಬಿದ್ದವು. ಅಮ್ಜದ್ ಹುಸೇನ್ ಧುಮುಕಿ ಬದುಕಿದ. ಅವನಿಗೆ ಸಿತಾರಾ-ಇ-ಜುರತ್ ಗೌರವ ದೊರೆಯಿತು. ದೇವಯ್ಯ ಮರಳಲಿಲ್ಲ.

ಆದಂಪುರಕ್ಕೆ ಬಂದಿಳಿದವರಿಗೆ ಇದಾವುದೂ ತಿಳಿದಿರಲಿಲ್ಲ. ಅವರು ಮುಂದೆ ಹಾರುತ್ತಿದ್ದರು, ನೆಲಕ್ಕಂಟಿಕೊಂಡು, ಇಂಧನದ ಮುಳ್ಳಿನ ಮೇಲೆ ಕಣ್ಣಿಟ್ಟು. ಒಬ್ಬರು ಬಂದಿಲ್ಲ ಎಂಬಷ್ಟೇ ಅವರಿಗೆ ಗೊತ್ತಿದ್ದದ್ದು. ದಾಖಲೆಯಲ್ಲಿ ಸೇರಿದ ಪದ ‘ಕಾಣೆಯಾಗಿದ್ದಾರೆ’.

ಈ ಪದದ ಬಗೆಗೆ ಸ್ವಲ್ಪ ಯೋಚಿಸಬೇಕು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸಿ ನಾಡಿಗೆ ತಿಳಿಸುವ, ಮಗುವಿನ ಕೈಗೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲು ಮುಟ್ಟಿಸುವ ವಾಡಿಕೆಯಿದೆ. ಸಾವಾದರೆ ಎರಡು ಗುಂಡು. ಹುಟ್ಟು ಸಾವುಗಳೆರಡೂ ಇಡೀ ಊರು ಕೇಳಿಸಿಕೊಳ್ಳುವ ಸದ್ದುಗಳು. ಕಾಣೆಯಾದವನಿಗೆ ಎಷ್ಟು ಗುಂಡು? ಜನಪದದ ಯಾವ ವಿಧಿಗೂ ಈ ಮಧ್ಯದ ಸ್ಥಿತಿಗೆ ಸಲ್ಲುವ ಲೆಕ್ಕವಿಲ್ಲ. ನಮ್ಮ ಕಡೆಯ ವೀರಗಲ್ಲಿನ ಮೂರು ಪಟ್ಟಿಕೆಗಳನ್ನು ನೆನೆಯಿರಿ: ಕೆಳಗೆ ಹೋರಾಟ, ನಡುವೆ ಅಪ್ಸರೆಯರೊಂದಿಗೆ ಮೇಲಕ್ಕೆ ಒಯ್ಯಲ್ಪಡುವ ವೀರ, ಮೇಲೆ ದೇವಸನ್ನಿಧಿ. ಕೆಳಗಿನ ಪಟ್ಟಿಕೆಯನ್ನು ಕೆತ್ತಲು ಯಾರಾದರೂ ಹೋರಾಟವನ್ನು ಕಂಡಿರಬೇಕು. ಅದು ಇಲ್ಲದೆ ಮೇಲಿನ ಎರಡೂ ಇಲ್ಲ. ಆಧುನಿಕ ಸೇನೆಯ ಪದಕಗಳೂ ಈ ವಿಷಯದಲ್ಲಿ ವೀರಗಲ್ಲಿನಂತೆಯೇ. ಕಂಡವರ ಹೇಳಿಕೆಯಿಲ್ಲದೆ ಶಿಫಾರಸಿಲ್ಲ, ಶಿಫಾರಸಿಲ್ಲದೆ ಪದಕವಿಲ್ಲ. 1971ರ ಡಿಸೆಂಬರ್ 14ರಂದು ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಶ್ರೀನಗರದಲ್ಲಿ ಏಕಾಂಗಿಯಾಗಿ ಹಲವು ಸೇಬರ್‌ಗಳನ್ನು ಎದುರಿಸಿ ಮಡಿದರು. ಆ ಹೋರಾಟ ನಡೆದದ್ದು ತಮ್ಮದೇ ನೆಲೆಯ ಮೇಲೆ, ತಮ್ಮವರ ಕಣ್ಣೆದುರು. ಅವರಿಗೆ ಪರಮವೀರ ಚಕ್ರ ಸಂದಿತು. ಎರಡು ಸಾಹಸಗಳನ್ನು ತೂಕಕ್ಕಿಡುವ ಉದ್ದೇಶ ನನ್ನದಲ್ಲ. ಒಂದಕ್ಕೆ ಸಾಕ್ಷಿ ಈಚೆ ಇತ್ತು, ಇನ್ನೊಂದಕ್ಕೆ ಆಚೆ.

ಅದೇ ಯುದ್ಧದಲ್ಲಿ ಇನ್ನೊಬ್ಬ ಕೊಡವ ವೈಮಾನಿಕರಿಗೆ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪನವರ ಹಂಟರ್ ವಿಮಾನ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆಗಳಿರುವಾಗ, ಕಸೂರಿನ ಕಡೆ ಉರುಳಿತು, ಅವರು ಸೆರೆಸಿಕ್ಕರು. ಅವರು ಜನರಲ್ ಕೆ.ಎಂ. ಕಾರ್ಯಪ್ಪನವರ ಮಗನೆಂದು ತಿಳಿದೊಡನೆ ಪಾಕಿಸ್ತಾನದ ರೇಡಿಯೋ ಸುದ್ದಿ ಬಿತ್ತರಿಸಿತು. ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಸೇನೆಯಲ್ಲಿ ಹಿರಿಯ ಕಾರ್ಯಪ್ಪನವರ ಕೈಕೆಳಗಿದ್ದವರು; ಮಗನ ಬಗೆಗೆ ವಿಶೇಷ ಕಾಳಜಿ ವಹಿಸುವುದಾಗಿ ತಿಳಿಸಿದರು. ಮಡಿಕೇರಿಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ಜನರಲ್ಲರು, ಸೆರೆಯಲ್ಲಿರುವ ಸೈನಿಕರೆಲ್ಲ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ರಿಯಾಯಿತಿ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು. ಈ ಪ್ರಸಂಗವನ್ನು ಕನ್ನಡದ ಓದುಗರು ಬಲ್ಲರು. ನಾನಿಲ್ಲಿ ಗಮನಿಸಬಯಸುವುದು ಬೇರೆಯದನ್ನು. ಆಚೆಯವರು ಗುರುತಿಸಬಲ್ಲ ಹೆಸರಾದ್ದರಿಂದ ಒಬ್ಬರ ಸುದ್ದಿ ಗಂಟೆಗಳಲ್ಲಿ ಗಡಿ ದಾಟಿತು. ಎರಡು ವಾರ ಮೊದಲು ಮಡಿದ ಇನ್ನೊಬ್ಬರ ಸುದ್ದಿ ದಾಟಲು 14 ವರ್ಷ ಬೇಕಾಯಿತು.

ಇದರ ನಡುವೆ ಚರಿತ್ರೆ ಒಂದು ವಿಚಿತ್ರ ತಿರುವನ್ನೂ ತೆಗೆದುಕೊಂಡಿತು. 1971ರ ಡಿಸೆಂಬರಿನಲ್ಲಿ ಅಮೃತಸರದ ರೇಡಾರ್ ಕೇಂದ್ರದ ಮೇಲೆ ದಾಳಿಗೆ ಬಂದ ಸ್ಟಾರ್‌ಫೈಟರ್ ಒಂದನ್ನು ನೆಲದ ತೋಪುಗಳು ಹೊಡೆದುರುಳಿಸಿದವು. ಧುಮುಕಿ ಸೆರೆಯಾದವನು ಅದೇ ಅಮ್ಜದ್ ಹುಸೇನ್, ಆಗ ಸ್ಕ್ವಾಡ್ರನ್ ಲೀಡರ್. ದೇವಯ್ಯನವರ ಕೊನೆಯ ಗಳಿಗೆಗಳನ್ನು ಕಂಡ ಏಕೈಕ ವೈಮಾನಿಕ ಭಾರತದ ನೆಲದ ಮೇಲೆ, ಭಾರತದ ಕಾವಲಿನಲ್ಲಿ, ಯುದ್ಧಕೈದಿಯಾಗಿದ್ದ. ಅವನು ಬಿಡುಗಡೆಯಾಗಿ ಹೋದ ಮೇಲೂ ದೇವಯ್ಯ ಕಾಣೆಯಾದವರ ಪಟ್ಟಿಯಲ್ಲಿಯೇ ಉಳಿದರು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ. ಅದು ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ, ಅದರ ಕಡೆಯ ಆಕರಗಳನ್ನು ನೆಚ್ಚಿ ಬರೆದ ಪುಸ್ತಕ; ಭಾರತದ ನಷ್ಟವನ್ನು ಹಿಗ್ಗಿಸಿದೆಯೆಂಬ ಆಕ್ಷೇಪ ಅದರ ಮೇಲೆ ಇಂದಿಗೂ ಇದೆ. ಅಂಥ ಪುಸ್ತಕದಲ್ಲಿಯೇ, ಸರಗೋಧಾದ ಮೇಲೆ ಏಟು ತಿಂದ ಮಿಸ್ತೇರ್ ಒಂದು ತಿರುಗಿಬಿದ್ದು ಸ್ಟಾರ್‌ಫೈಟರನ್ನು ಉರುಳಿಸಿತೆಂಬ ವಿವರ ಬಂದಿತು. ವೈಮಾನಿಕನ ಹೆಸರು ಆ ವಿವರಣೆಗೆ ಬೇಕಿರಲಿಲ್ಲ. ಆದರೆ ದಿನ, ಹೊತ್ತು, ಸ್ಥಳ, ವಿಮಾನದ ಬಗೆ ಇದ್ದವು. ಅಂದಿನ ದಾಳಿಯ ಮುಂದಾಳು ತನೇಜಾ ಅವರಿಗೆ ಈ ವಿವರ ತಲುಪಿದಾಗ ಅವರಿಗೆ ಊಹಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಅವರ ತಂಡದಿಂದ ಅಂದು ಮರಳದೆ ಉಳಿದವರು ಒಬ್ಬರೇ. ತನೇಜಾ ಸರ್ಕಾರಕ್ಕೆ ಬರೆದರು. ಕೊನೆಗೆ 1988ರಲ್ಲಿ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು.

ತುಲನಾತ್ಮಕ ಅಧ್ಯಯನದವರಿಗೆ ಇಲ್ಲಿ ಒಂದು ಪಾಠವಿಮರ್ಶೆಯ ಪ್ರಶ್ನೆಯಿದೆ. ಶತ್ರುಪಕ್ಷದ ಆಕರವನ್ನು ಅದರ ಉಳಿದ ಎಲ್ಲ ಹೇಳಿಕೆಗಳಿಗೆ ನಂಬಲರ್ಹವಲ್ಲವೆಂದು ತಳ್ಳಿ, ಈ ಒಂದು ಹೇಳಿಕೆಗೆ ಮಾತ್ರ ನಂಬುವುದು ಹೇಗೆ? ಉತ್ತರ ಅಷ್ಟು ಕಷ್ಟದ್ದೇನಲ್ಲ. ತನ್ನ ಹಿತಕ್ಕೆ ವಿರುದ್ಧವಾಗಿ ನುಡಿಯುವ ಸಾಕ್ಷಿಗೆ ಹೆಚ್ಚು ಬೆಲೆ. ಪಾಕಿಸ್ತಾನದ ಬಳಿ ಇಡೀ ಯುದ್ಧದಲ್ಲಿ ಒಂದೇ ಒಂದು ಸ್ಟಾರ್‌ಫೈಟರ್ ಸ್ಕ್ವಾಡ್ರನ್ ಇತ್ತು. ಅದು ಅವರ ಹೆಮ್ಮೆಯ ವಿಮಾನ. ಹಿಂದಿನ ಪೀಳಿಗೆಯ ವಿಮಾನವೊಂದು ಅದನ್ನು ಕೆಡವಿತೆಂದು ಒಪ್ಪುವುದರಲ್ಲಿ ಅವರಿಗೆ ಲಾಭವಿರಲಿಲ್ಲ. ಆದರೂ ವಿವಾದ ಪೂರ್ತಿ ಮುಗಿದಿಲ್ಲ. ಸ್ಟಾರ್‌ಫೈಟರ್ ಬಿದ್ದದ್ದು ದೇವಯ್ಯನವರ ಗುಂಡಿನಿಂದ ಎಂದು ಭಾರತದ ಕಡೆಯ ಕಥನ ಹೇಳುತ್ತದೆ. ತೀರ ಹತ್ತಿರಕ್ಕೆ ಬಂದದ್ದರಿಂದ ಡಿಕ್ಕಿಯಾಗಿ ಅಥವಾ ಒಡೆದ ಮಿಸ್ತೇರಿನ ಚೂರು ತಾಗಿ ಬಿದ್ದಿತೆಂದು ಪಾಕಿಸ್ತಾನದ ಕಡೆಯ ಕಥನ. ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿ ಕೈಸರ್ ತುಫೈಲ್ ಈ ಪ್ರಸಂಗವನ್ನು ಬಹಳ ಸಮಾಧಾನದಿಂದ, ದ್ವೇಷವಿಲ್ಲದೆ ಪರಿಶೀಲಿಸಿದ್ದಾರೆ. ಭಾರತದ ಕಡೆಯಿಂದ ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 2005ರ ತಮ್ಮ ಪುಸ್ತಕದಲ್ಲಿ ಎರಡೂ ಪಕ್ಷಗಳ ಹೇಳಿಕೆಗಳನ್ನು ಎದುರುಬದುರು ಇಟ್ಟು ನೋಡುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ನನ್ನ ಮಟ್ಟಿಗೆ, ಗುಂಡೋ ಡಿಕ್ಕಿಯೋ ಎಂಬುದಕ್ಕಿಂತ ಎರಡೂ ಕಥನಗಳು ಒಪ್ಪುವ ಸಂಗತಿಯೇ ದೊಡ್ಡದು: ಗಾಯಗೊಂಡ ವಿಮಾನ ಮನೆಯ ದಾರಿ ಹಿಡಿಯದೆ ತಿರುಗಿ ನಿಂತಿತು, ಅದರಿಂದಾಗಿ ಆ ಸ್ಟಾರ್‌ಫೈಟರ್ ಮುಂದಿನವರನ್ನು ತಲುಪಲಿಲ್ಲ.

ಕನ್ನಡದ ಶಾಸನಗಳ ಲೋಕಕ್ಕೆ ಇದು ಹೊಸದಲ್ಲ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ. ನಮ್ಮ ಆತಕೂರು ಶಾಸನ ಅವನನ್ನು ಕೊಂದ ಗಂಗ ಬೂತುಗನ ಕಡೆಯಿಂದ ಮಾತಾಡುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಅವನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟದ್ದನ್ನು ದಾಖಲಿಸುತ್ತದೆ. ಬೂತುಗನ ಅನುಚರ ಮಣಲೇರ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ನಿಲ್ಲಿಸಿದ ಕಲ್ಲು ಅದು. ಅದೇ ಸಾವು ಚೋಳರ ಕಡೆಯ ಶಾಸನಗಳಲ್ಲಿ ಬೇರೆಯೇ ಬಗೆಯಲ್ಲಿ ಉಳಿದಿದೆ: ಅಲ್ಲಿ ರಾಜಾದಿತ್ಯ ಆನೆಯ ಮೇಲೆ ಮಡಿದ ದೊರೆ. ಕನ್ನಡದ ಕಲ್ಲು ಕೊಂದವನನ್ನು, ತಮಿಳಿನ ಕಲ್ಲು ಸತ್ತವನನ್ನು ಗೌರವಿಸುತ್ತದೆ. ಒಂದು ಘಟನೆಯನ್ನು ಪೂರ್ತಿ ತಿಳಿಯಬೇಕಾದವನು ಎರಡೂ ಭಾಷೆಗಳ ಬಾಗಿಲು ತಟ್ಟಬೇಕು. ನಾವು ಎಷ್ಟು ಬಾರಿ ತಟ್ಟುತ್ತೇವೆ? ಉಮರಾಣಿಯ ಕಾಳಗಕ್ಕೆ ಮರಾಠಿಯಷ್ಟೇ ಬಿಜಾಪುರದ ಫಾರಸಿಯೂ ಒಂದು ಬಾಗಿಲು. ಜತ್ತದ ಚರಿತ್ರೆ ಬರೆಯಹೊರಟ ಕನ್ನಡಿಗ, ನನ್ನನ್ನೂ ಸೇರಿಸಿಕೊಂಡು, ಮರಾಠಿಯನ್ನು ಸಂಶಯದಿಂದ ಓದುತ್ತಾನೆ, ಫಾರಸಿಯನ್ನು ಓದುವುದೇ ಇಲ್ಲ.

1988ರ ನಂತರದ ಗೌರವಗಳ ಬಗೆಗೆ ಹೆಚ್ಚು ಹೇಳಬೇಕಿಲ್ಲ. ಮಡಿಕೇರಿಯಲ್ಲಿ ಒಂದು ವೃತ್ತಕ್ಕೆ ಅವರ ಹೆಸರಿದೆ. ಕೊಡಗಿನ ಸಂಘಟನೆಗಳು ಸೆಪ್ಟೆಂಬರ್ 7ರಂದು ನೆನೆಯುತ್ತವೆ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಈ ಪ್ರಸಂಗವನ್ನು ಆಧರಿಸಿತು. ಅಲ್ಲಿ ವೈಮಾನಿಕನ ಹೆಸರು ಟಿ. ಕೃಷ್ಣ ವಿಜಯ. ಹೆಸರು ಬದಲಿಸುವುದು ಸಿನಿಮಾದವರ ಹಕ್ಕಿರಬಹುದು. ಆದರೆ ಈ ಒಂದು ಕಥೆಯಲ್ಲಿ, ಹೆಸರಿಲ್ಲದೆ ವರ್ಷಗಟ್ಟಲೆ ಉಳಿದವರ ಕಥೆಯಲ್ಲಿ, ಆ ಹಕ್ಕನ್ನು ಬಳಸಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಸೇನೆಯ ಕಾಗದ ಒಕ್ಕವನ್ನು ಒಂದು ಅಕ್ಷರಕ್ಕೆ ಇಳಿಸಿತ್ತು. ಚಿತ್ರ ಆ ಅಕ್ಷರವನ್ನೂ ಅಳಿಸಿತು.

ಇದು ಕೊಡವ ತಕ್ಕಿನ ಪ್ರಶ್ನೆಯೂ ಹೌದು. 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆಯೆಂದು ಬರೆಸಿದವರು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದೂ ಇದೆ. ನಾಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಆ ಭಾಷೆಯ ಹಾಡುಗಳನ್ನೂ ವಾಡಿಕೆಗಳನ್ನೂ ಕನ್ನಡ ಲಿಪಿಯಲ್ಲಿ ಹಿಡಿದಿಟ್ಟರು. ದುಡಿ ಬಡಿಯುತ್ತ ವೀರರನ್ನು ಹಾಡುವ ಪರಂಪರೆ ಅಲ್ಲಿ ಇನ್ನೂ ಜೀವಂತ. ಆ ಹಾಡುಗಾರರ ಬಳಿ ಸ್ಥಳ, ಎದುರಾಳಿ, ಆಯುಧ, ಸಾವಿನ ರೀತಿ ಇವೆಲ್ಲಕ್ಕೂ ಸಿದ್ಧವಾದ ಸೂತ್ರಗಳಿವೆ. ದೇವಯ್ಯನವರ ವಿಷಯದಲ್ಲಿ ಆ ಸೂತ್ರಗಳನ್ನು ತುಂಬುವ ವಿವರ 1979ರವರೆಗೆ ಕೊಡವ ತಕ್ಕಿನಲ್ಲೂ ಇರಲಿಲ್ಲ, ಕನ್ನಡದಲ್ಲೂ ಇರಲಿಲ್ಲ. ಮೊದಲು ಅದು ಪಾಕಿಸ್ತಾನಿ ವೈಮಾನಿಕನ ಬಾಯಲ್ಲಿತ್ತು, ಆಮೇಲೆ ಇಂಗ್ಲಿಷಿನಲ್ಲಿ. ಕರ್ನಾಟಕದಲ್ಲಿ ಕನ್ನಡ ದೊಡ್ಡ ಭಾಷೆ, ಕೊಡವ ತಕ್ಕು ಸಣ್ಣದು. ಜತ್ತದಲ್ಲಿ ಕನ್ನಡ ಸಣ್ಣದು. ಮಹಾಜನ ಆಯೋಗ 1967ರಲ್ಲಿ ಜತ್ತವನ್ನು ಕರ್ನಾಟಕಕ್ಕೆ ಶಿಫಾರಸು ಮಾಡಿತ್ತೆಂಬುದನ್ನು ಇಲ್ಲಿ ಎಲ್ಲರೂ ನೆನೆಸುತ್ತೇವೆ. ಅದೇ ಉಸಿರಿನಲ್ಲಿ ದೇವಯ್ಯನವರನ್ನು ‘ಕನ್ನಡದ ವೀರ’ ಎಂದು ಕರೆದು ಮುಗಿಸಿದರೆ, ನಮಗೆ ಮರಾಠಿಯಿಂದ ಆಗುತ್ತಿದೆಯೆಂದು ನಾವು ಹೇಳುವುದನ್ನೇ ಇನ್ನೊಬ್ಬರಿಗೆ ಮಾಡಿದಂತೆ. ಅವರು ಕರ್ನಾಟಕದವರು ನಿಜ. ಆದರೆ ಕೊಡವ ಭಾಷೆಯ, ಅಜ್ಜಮಾಡ ಒಕ್ಕದ ಮಗ.

ಜತ್ತದ ಹಳ್ಳಿಗಳಿಂದ ಸೇನೆಗೆ ಹೋದವರ ಹೆಸರುಗಳನ್ನು ಕಲೆಹಾಕುವ ಕೆಲಸವನ್ನು ನಾವು ಕೆಲವರು ಕೈಗೆತ್ತಿಕೊಂಡಿದ್ದೇವೆ. ಪ್ರತಿ ಹೆಸರಿಗೂ ಮೂರು ಕಲಂ ಮಾಡಿದ್ದೇವೆ: ಸೇನೆಯ ದಾಖಲೆಯಲ್ಲಿ ಹೇಗಿದೆ, ಊರಿನ ಫಲಕದ ಮೇಲೆ ದೇವನಾಗರಿಯಲ್ಲಿ ಹೇಗಿದೆ, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು. ಮೂರನೆಯ ಕಲಂ ತುಂಬಲು ಮನೆಯ ಹಿರಿಯ ಹೆಂಗಸರನ್ನೇ ಕೇಳಬೇಕಾಗುತ್ತದೆ. ದೇವಯ್ಯನವರ ಪ್ರಸಂಗವನ್ನು ಓದಿದ ಮೇಲೆ ನಾಲ್ಕನೆಯದೊಂದನ್ನು ಸೇರಿಸಿದೆ: ಕೊನೆಯದಾಗಿ ಕಂಡವರು ಯಾರು.

ಸರಗೋಧಾದ ಬಳಿಯ ಹೊಲದಲ್ಲಿ ದೊರೆತ ದೇವಯ್ಯನವರ ದೇಹವನ್ನು ಅಲ್ಲಿಯ ರೈತರು ಅಲ್ಲಿಯೇ ಮಣ್ಣು ಮಾಡಿದರೆಂದು ಪಾಕಿಸ್ತಾನದ ಕಡೆಯ ಬರಹಗಳು ಹೇಳುತ್ತವೆ. ಅವರು ಪಂಜಾಬಿಯಾಡುವ ಜನ. ಸತ್ತವನ ಹೆಸರಾಗಲಿ, ಭಾಷೆಯಾಗಲಿ ಅವರಿಗೆ ತಿಳಿದಿರಲಿಲ್ಲ. ಕೊಡಗಿನಲ್ಲಿ ಅದು ಕೈಲ್‌ಪೊಳ್ದಿನ ಸಮಯ: ನಾಟಿ ಮುಗಿದು, ಮಳೆಗಾಲವಿಡೀ ಮೂಲೆ ಸೇರಿದ್ದ ಕೋವಿ ಒಡಿಕತ್ತಿಗಳನ್ನು ಹೊರತೆಗೆದು, ಒರೆಸಿ, ಹೂವಿಟ್ಟು ಪೂಜಿಸುವ ದಿನಗಳು.